ಮೇಷ್ಟ್ರ ಜೇಬಿನಲ್ಲಿ ನಲವತ್ತೊಂದು

ಎಲ್ಲದಕ್ಕೂ ಕಾರಣ ಬೂಟ್ ಪಾಲಿಶ್. ಹಳೆಯ ಪೇಪರು ಹಾಸಿಕೊಂಡು ಬೂಟು ಉಜ್ಜಬೇಕಾದ ಲೆನ್ಸಣ್ಣ ನಿದ್ದೆಗಣ್ಣಿನಲ್ಲಿ ಅವತ್ತಿನ ಪೇಪರನ್ನೇ ಹಾಸಿದ್ದ. ಗೋಲಿಯಷ್ಟು ಕಪ್ಪು ಪಾಲಿಶ್ ಏಳನೆಯ ಪುಟದ ಮೇಲೆ ಬಿತ್ತು. ಹೆಂಡತಿ ನೋಡುವ ಮೊದಲೇ ತೆಗೆದುಬಿಡೋಣವೆಂದು ಬಟ್ಟೆಯಿಂದ ಒರೆಸಿದ. ಅದು ಹೋಗುವ ಬದಲು ಹರಡಿತು. ಹರಡಿದ ಕಪ್ಪಿನ ಅಂಚಿನಲ್ಲಿ ಗುರುತಿನ ಮೂಗೊಂದು ಕಂಡಿತು. ಮೂಗಿನ ಕೆಳಗೆ ಗುರುತಿನ ಮೀಸೆ. ಮೀಸೆಯ ಕೆಳಗೆ ಸಣ್ಣ ಅಕ್ಷರಗಳು: ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೂರು ತಿಂಗಳ ಅನಾರೋಗ್ಯದ ನಂತರ ನಿನ್ನೆ ಸಂಜೆ ನಿಧನರಾದರು, ಅಂತಿಮ ದರ್ಶನ ಇಂದು ಹನ್ನೊಂದು ಗಂಟೆಯವರೆಗೆ.

ಲೆನ್ಸಣ್ಣನಿಗೆ ಮೊದಲು ನೆನಪಾದದ್ದು ಮೇಷ್ಟ್ರಲ್ಲ, ನಲವತ್ತೊಂದು. ಅದಕ್ಕೆ ಅವನಿಗೆ ನಾಚಿಕೆಯೂ ಆಯಿತು. ಆದರೆ ನಾಚಿಕೆ ಬಂದದ್ದು ಆಮೇಲೆ.

ಲೆನ್ಸಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಗಾಜು ಉಜ್ಜುತ್ತ ಕೂತಿದ್ದಕ್ಕೆ ಅಂಟಿಕೊಂಡದ್ದು. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನಲ್ಲೇ ಪ್ರಪಂಚ ನೋಡುತ್ತಿದ್ದರು. ಅವನನ್ನು ಮಾತ್ರ ಯಾರೂ ನೋಡಿರಲಿಲ್ಲ. ಸಂಜೆ ಮನೆಗೆ ಬಂದು ಕೈ ತೊಳೆದು, ಕಪಾಟಿನಿಂದ ಆಲ್ಬಮ್ ತೆಗೆದು ಮಡಿಲಲ್ಲಿಟ್ಟುಕೊಂಡರೆ ಅವನ ದಿನ ಶುರು.

ಆಲ್ಬಮ್ಮಿನಲ್ಲಿದ್ದದ್ದು ಕ್ರಿಕೆಟ್ ಆಟಗಾರರ ಕಾರ್ಡುಗಳು. ಅವನು ಹನ್ನೆರಡು ವರ್ಷದವನಿದ್ದಾಗ ಚೂಯಿಂಗ್ ಗಮ್ ಕಂಪನಿಯೊಂದು ಪ್ಯಾಕೆಟ್ಟಿಗೊಂದರಂತೆ ಕಾರ್ಡು ಇಟ್ಟು ಮಾರುತ್ತಿತ್ತು. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಅವನ ರನ್ನು, ವಿಕೆಟ್ಟುಗಳ ಲೆಕ್ಕ. ಒಟ್ಟು ಅರವತ್ತನಾಲ್ಕು. ಲೆನ್ಸಣ್ಣ ದವಡೆ ಸೋಲುವಷ್ಟು ಅಗಿದು, ನಾಲ್ಕು ಹಲ್ಲು ಕಳೆದುಕೊಂಡು, ಮುಂದೆ ದೊಡ್ಡವನಾದ ಮೇಲೆ ಗುಜರಿ ಅಂಗಡಿ, ಹಳೆ ಪುಸ್ತಕದಂಗಡಿ ಎಲ್ಲ ಸುತ್ತಿ ಅರವತ್ತಮೂರನ್ನು ಕೂಡಿಸಿದ್ದ. ಸಿಗದೆ ಉಳಿದದ್ದು ನಲವತ್ತೊಂದನೇ ನಂಬರು. ಅದು ಹನ್ನೆರಡನೇ ಆಟಗಾರನ ಕಾರ್ಡು. ಆ ಪುಣ್ಯಾತ್ಮ ಒಂದು ಪಂದ್ಯವನ್ನೂ ಆಡಿದವನಲ್ಲ. ಚಿತ್ರದಲ್ಲಿ ನೀರಿನ ಲೋಟಗಳ ಟ್ರೇ ಹಿಡಿದು ನಗುತ್ತ ನಿಂತಿದ್ದ. ಕಾರ್ಡಿನ ಹಿಂದೆ ಪಂದ್ಯ ಸೊನ್ನೆ, ರನ್ನು ಸೊನ್ನೆ, ವಿಕೆಟ್ ಸೊನ್ನೆ. ಇವನು ಯಾರಿಗೆ ಬೇಕು ಎಂದು ಕಂಪನಿ ಬೆರಳೆಣಿಕೆಯಷ್ಟೇ ಅಚ್ಚು ಹಾಕಿತ್ತು. ಕೊನೆಗೆ ಎಲ್ಲರಿಗೂ ಬೇಕಾದವನು ಅವನೇ ಆದ.

ಎಂಟು ವರ್ಷದ ಹಿಂದೆ ಲೆನ್ಸಣ್ಣ ಅದನ್ನು ಒಂದು ಗುಜರಿ ಅಂಗಡಿಯ ತಗಡಿನ ಪೆಟ್ಟಿಗೆಯಲ್ಲಿ ಕಂಡ. ಅಂಗಡಿಯವನು ಊಟಕ್ಕೆ ಹೋಗಿದ್ದ. ಖುಷಿ ತಡೆಯಲಾರದೆ ಲೆನ್ಸಣ್ಣ ಓಡಿಹೋಗಿ ಮೇಷ್ಟ್ರಿಗೆ ಹೇಳಿದ. ಊರಲ್ಲಿ ಈ ಹುಚ್ಚು ಇದ್ದದ್ದು ಅವರಿಬ್ಬರಿಗೇ. "ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ ತರೋಣ ಮೇಷ್ಟ್ರೇ" ಅಂದ. ಮೇಷ್ಟ್ರು ಅದೇ ಸಂಜೆ ಒಬ್ಬರೇ ಹೋಗಿ ತಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಎಲ್ಲಿಗೆ ಹೊರಟ್ರಿ?" ಹೆಂಡತಿ ಬಾಗಿಲಲ್ಲಿ ಕೇಳಿದಳು.

"ಮೇಷ್ಟ್ರು ಹೋಗ್ಬಿಟ್ರು. ನೋಡ್ಕೊಂಡು ಬರ್ತೀನಿ."

"ಎಂಟು ವರ್ಷ ಆ ಬೀದಿಗೇ ಕಾಲಿಡಲಿಲ್ಲ ನೀವು. ಸುತ್ತು ಹಾಕ್ಕೊಂಡು ಅಂಗಡಿಗೆ ಹೋಗ್ತಿದ್ರಿ."

"ಸತ್ತವರ ಜೊತೆ ಎಂಥ ಜಗಳ?"

"ಬದುಕಿದ್ದಾಗ ಹೋಗಿದ್ರೆ ಒಂದು ಲೋಟ ಕಾಫಿನಾದ್ರೂ ಸಿಗ್ತಿತ್ತು" ಎಂದು ಅವಳು ಒಳಗೆ ಹೋದಳು. ಆ ಗಳಿಗೆಯಲ್ಲಿ ಲೆನ್ಸಣ್ಣ ಕಪಾಟು ತೆಗೆದು, ಎರಡೆರಡಿದ್ದ ಕಾರ್ಡುಗಳಲ್ಲಿ ಮೂರನ್ನು ಆರಿಸಿ ಅಂಗಿಯ ಜೇಬಿಗಿಳಿಸಿದ: ಒಬ್ಬ ಕ್ಯಾಪ್ಟನ್, ಇಬ್ಬರು ವೇಗದ ಬೌಲರುಗಳು. ಒಂದಕ್ಕೆ ಮೂರು. ಇದು ಕಳ್ಳತನವಲ್ಲ, ವಿನಿಮಯ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮೂರನೇ ತಿರುವಿನ ಹೊತ್ತಿಗೆ ಹೆಚ್ಚುಕಡಿಮೆ ನಂಬಿಯೂ ಬಿಟ್ಟಿದ್ದ.

ಅಂಗಡಿ ಯಜಮಾನರಿಗೆ ರಜೆ ಕೇಳಲು ಫೋನು ಮಾಡಿದ.

"ಸತ್ತದ್ದು ಯಾರು?"

"ಸ್ನೇಹಿತರು."

"ಹತ್ತಿರದವರಾ?"

"ಎರಡು ಬೀದಿ ಆಚೆ" ಅಂದ ಲೆನ್ಸಣ್ಣ.

ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಎಷ್ಟು ಕಿರಿದೆಂದರೆ ಎದುರಿಗೆ ಬಂದವರನ್ನು ದಾಟಬೇಕಾದರೆ ಅವರ ಉಸಿರನ್ನು ಎಳೆದುಕೊಳ್ಳಬೇಕು. ಮೇಲೆ ಏಳೆಂಟು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ನಾಲ್ಕೈದು ಜನ. ಕೆಲಸದ ದಿನವಾದ್ದರಿಂದ ಸಾವಿಗೆ ಅಷ್ಟೇ ಪುರುಸೊತ್ತು ಸಿಕ್ಕಿತ್ತು. ನಡುವೆ ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಗಡಿಯಾರ ನೋಡುತ್ತಿದ್ದವನು ಮೇಷ್ಟ್ರ ಹೆಂಡತಿಯ ತಮ್ಮ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈಮ್‌ಕೀಪರ್ ಆಗಿದ್ದು ನಿವೃತ್ತನಾದವನು. ನಿವೃತ್ತಿ ಕೆಲಸಕ್ಕೆ ಮಾತ್ರ ಆಗಿತ್ತು, ಅಭ್ಯಾಸಕ್ಕಲ್ಲ.

"ನೀವ್ಯಾರು?"

"ಮೇಷ್ಟ್ರ ಸ್ನೇಹಿತ."

"ಎತ್ತರ?"

"ಆಂ?"

"ಎತ್ತರ ಎಷ್ಟು ಅಂದೆ. ಮೂರು ಜನ ಇದ್ದಾರೆ, ಇನ್ನೊಬ್ಬರು ಬೇಕು. ಒಬ್ಬರು ಉದ್ದ ಒಬ್ಬರು ಗಿಡ್ಡ ಆದ್ರೆ ಭಾವ ಜಾರಿಬಿಡ್ತಾರೆ."

"ಐದೂವರೆ ಅಡಿ."

"ಮುಂದೆ ಎಡಗಡೆ ನೀವು. ಹೆಸರು, ಮನೆ ಫೋನ್ ನಂಬರು, ವಿಳಾಸ ಹೇಳಿ." ಬರೆದುಕೊಂಡು ಟೈಮ್‌ಕೀಪರು ಪುಟ ತಿರುಗಿಸಿದ. "ಹನ್ನೊಂದು ಹತ್ತಕ್ಕೆ ಇಲ್ಲಿಂದ ಇಳಿಸ್ತೀವಿ. ಹನ್ನೊಂದೂ ಇಪ್ಪತ್ತಕ್ಕೆ ವ್ಯಾನು. ಹನ್ನೆರಡಕ್ಕೆ ಚಿತಾಗಾರದಲ್ಲಿ ನಮ್ಮ ಸರದಿ. ತಪ್ಪಿದ್ರೆ ನಾಲ್ಕು ಗಂಟೆವರೆಗೆ ಕಾಯ್ಬೇಕು."

ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಹೆಂಡತಿ ಬಂದರು. ಲೆನ್ಸಣ್ಣನನ್ನು ನೋಡಿದ್ದೇ ಅವರ ಮುಖ ಒದ್ದೆ ಕಾಗದದ ಹಾಗೆ ಕುಸಿಯಿತು. "ಬಂದ್ರಾ ಲೆನ್ಸಣ್ಣ... ಅವರು ನಿಮ್ಮನ್ನ..." ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

"ಅಕ್ಕ, ಮಾತೆಲ್ಲ ಆಮೇಲೆ. ಹೊತ್ತಿಲ್ಲ" ಎಂದು ತಮ್ಮ ಅವರನ್ನು ಕುರ್ಚಿಗೆ ತಂದು ಕೂರಿಸಿದ. ಮೂರು ತಿಂಗಳಿಂದ ಮೇಷ್ಟ್ರನ್ನು ನೋಡಿಕೊಂಡಿದ್ದ ನರ್ಸಮ್ಮ ನೀರು ತಂದುಕೊಟ್ಟಳು. ವ್ಯಾನು ತಡವಾಗುತ್ತದೆಂದು ಫೋನು ಬಂತು. ಟೈಮ್‌ಕೀಪರಿಗೆ ಸಾವಿನ ಸುದ್ದಿ ಬಂದಾಗಲೂ ಅಷ್ಟು ಆಘಾತವಾಗಿರಲಿಕ್ಕಿಲ್ಲ. "ನಾನು ಕೆಳಗೆ ಹೋಗ್ತೀನಿ. ನೀವು ಒಳಗೆ ಭಾವನ ಹತ್ರ ಕೂತಿರಿ. ಅವರನ್ನ ಒಬ್ಬರೇ ಬಿಡಬೇಡಿ" ಎಂದು ಲೆನ್ಸಣ್ಣನಿಗೆ ಹೇಳಿ ಮೆಟ್ಟಿಲಿಳಿದ.

ಕೋಣೆಯಲ್ಲಿ ಮೇಷ್ಟ್ರು ಮಲಗಿದ್ದರು. ಮೇಲೆ ಬೂದುಬಣ್ಣದ ಕೋಟು, ಎದೆಯವರೆಗೆ ಬಿಳಿ ಹೊದಿಕೆ. ತುಂಬ ಸಣ್ಣಗಾಗಿದ್ದರು, ಕೋಟು ಅವರನ್ನು ತೊಟ್ಟುಕೊಂಡಂತಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಔಷಧದ ಬಾಟಲಿಗಳು, ಥರ್ಮಾಮೀಟರು, ಅವುಗಳ ಅಡಿಯಲ್ಲಿ ಹಸಿರು ರಟ್ಟಿನ ಆಲ್ಬಮ್.

ಲೆನ್ಸಣ್ಣ ಬಾಗಿಲು ಮುಂದೆ ಮಾಡಿದ. ಬಾಟಲಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ ಆಲ್ಬಮ್ ತೆರೆದ. ಆರನೆಯ ಪುಟ, ಎರಡನೆಯ ಸಾಲು. ಅಲ್ಲಿದ್ದ. ಟ್ರೇ ಹಿಡಿದು, ನಗುತ್ತ, ಮೂಲೆ ಒಂದಿಷ್ಟೂ ಮುರಿಯದೆ.

"ಮೇಷ್ಟ್ರೇ" ಅಂದ ಮೆಲ್ಲಗೆ, "ಸುಮ್ಮನೆ ತಗೊಳ್ತಿಲ್ಲ. ಕ್ಯಾಪ್ಟನ್ ಕೊಡ್ತೀನಿ. ಜೊತೆಗೆ ಎಡಗೈ ವೇಗದ ಬೌಲರು."

ಮೇಷ್ಟ್ರು ಏನೂ ಅನ್ನಲಿಲ್ಲ.

"ಸರಿ, ಬಲಗೈಯವನನ್ನೂ ಸೇರಿಸ್ಕೊಳ್ಳಿ. ಒಂದಕ್ಕೆ ಮೂರು. ಇದಕ್ಕಿಂತ ಜಾಸ್ತಿ ನ್ಯಾಯವಾಗಿ ಯಾರೂ ಕೊಡಲ್ಲ."

ಬದುಕಿದ್ದಾಗ ಚೌಕಾಸಿಯಲ್ಲಿ ಮೇಷ್ಟ್ರನ್ನು ಸೋಲಿಸಿದವರಿರಲಿಲ್ಲ. ಒಂದು ಅಂಪೈರ್ ಕಾರ್ಡಿಗಾಗಿ ಅರ್ಧ ದಿನ ಕೂರಿಸಿಕೊಂಡವರು. ಇವತ್ತು ಬೇಗ ಒಪ್ಪಿದರು. ಲೆನ್ಸಣ್ಣ ನಲವತ್ತೊಂದನ್ನು ಉಗುರಿನ ತುದಿಯಿಂದ ಎಳೆದು, ಅದೇ ಖಾನೆಯಲ್ಲಿ ಮೂವರನ್ನೂ ಒಬ್ಬರ ಹಿಂದೊಬ್ಬರಂತೆ ತುರುಕಿದ. ಆಲ್ಬಮ್ ಮುಚ್ಚಿದ. ಬಾಟಲಿಗಳನ್ನು ಮತ್ತೆ ಮೇಲಿಟ್ಟ. ಕಾರ್ಡನ್ನು ಇನ್ನೊಮ್ಮೆ ಕಣ್ತುಂಬ ನೋಡೋಣವೆಂದು ಬೆಳಕಿದ್ದ ಕಡೆಗೆ, ಅಂದರೆ ಮೇಷ್ಟ್ರ ಮೇಲಕ್ಕೇ ಬಾಗಿದ.

ಬಾಗಿಲು ಧಡಾರನೆ ತೆರೆಯಿತು.

"ವ್ಯಾನು ಬಂತು! ಏಳು ನಿಮಿಷ ಲೇಟು! ಎಲ್ರೂ ಬನ್ನಿ!"

ಟೈಮ್‌ಕೀಪರ ಹಿಂದೆ ಮೂವರು, ಅವರ ಹಿಂದೆ ಕೆಳಮನೆಯ ಹೆಂಗಸು. ಲೆನ್ಸಣ್ಣನ ಕೈ ತನ್ನ ಜೇಬಿನವರೆಗೆ ಬರಬೇಕಾದರೆ ಐದು ಜೊತೆ ಕಣ್ಣುಗಳ ಮುಂದೆ ಹಾದುಬರಬೇಕು. ಮೇಷ್ಟ್ರ ಕೋಟಿನ ಜೇಬು ನಾಲ್ಕು ಬೆರಳಿನ ದೂರದಲ್ಲಿತ್ತು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಕಾರ್ಡು ಸದ್ದಿಲ್ಲದೆ ಒಳಗಿಳಿಯಿತು. ಲೆನ್ಸಣ್ಣ ಮೇಷ್ಟ್ರ ಕಾಲರು ಸರಿಪಡಿಸುವವನಂತೆ ತಡವಿದ.

"ನೋಡಿ, ನೋಡಿ, ಎಷ್ಟು ಪ್ರೀತಿ" ಅಂದಳು ಕೆಳಮನೆಯ ಹೆಂಗಸು.

"ಪ್ರೀತಿಗೆ ಚಿತಾಗಾರದಲ್ಲಿ ಐದು ನಿಮಿಷ ಇಟ್ಟಿದ್ದೀನಿ" ಎಂದ ಟೈಮ್‌ಕೀಪರು. "ಈಗ ಎತ್ತಿ."

ಸ್ಟ್ರೆಚರಿಗೆ ಎರಡು ಬೆಲ್ಟುಗಳಿದ್ದವು. ಒಂದು ಮೊಣಕಾಲಿಗೆ, ಒಂದು ಎದೆಗೆ. ಎದೆಯ ಬೆಲ್ಟಿನ ಬಕಲು ಸರಿಯಾಗಿ ಆ ಜೇಬಿನ ಮೇಲೆಯೇ ಬಂದು ಕೂತಿತು. "ಸ್ವಲ್ಪ ಬಿಗಿ ಆಯ್ತೇನೋ, ಉಸಿರಾಡೋಕೆ..." ಅಂದ ಲೆನ್ಸಣ್ಣ. ಎಲ್ಲರೂ ಅವನನ್ನೇ ನೋಡಿದರು. ಕೆಳಮನೆಯ ಹೆಂಗಸು ಗಟ್ಟಿಯಾಗಿ ಅತ್ತಳು. "ಇನ್ನೂ ನಂಬಿಲ್ಲ ಪಾಪ, ಇನ್ನೂ ಉಸಿರಾಡ್ತಾರೆ ಅನ್ಕೊಂಡಿದಾರೆ."

ಮೆಟ್ಟಿಲಲ್ಲಿ ಅವನಿಗೊಂದು ಅವಕಾಶ ಸಿಕ್ಕಿತು. ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರು ತಿರುಗಲಿಲ್ಲ. ಹಿಂದಿನವರು ಎತ್ತಿದರು, ಮುಂದಿನವರು ಬಗ್ಗಿದರು. ಮೇಷ್ಟ್ರ ಪೂರ್ತಿ ಭಾರ ಲೆನ್ಸಣ್ಣನ ಎಡಹೆಗಲಿಗೆ ಬಂತು. ಬದುಕಿದ್ದಾಗ ಇಷ್ಟು ತೂಕದ ಮನುಷ್ಯ ಅಂತ ಅನ್ನಿಸಿರಲಿಲ್ಲ. ಖಾಲಿಯಿದ್ದ ಕೈಯನ್ನು ಮೇಲಕ್ಕೆ ಚಾಚಿ ಹೊದಿಕೆಯೊಳಗೆ ತೂರಿಸಿ ಬೆಲ್ಟಿನ ಅಡಿಯಲ್ಲಿ ತಡಕಾಡಿದ. ಬೆರಳಿಗೆ ಗುಂಡಿ ಸಿಕ್ಕಿತು. ಇನ್ನೊಂದು ಗುಂಡಿ. ಮೂರನೆಯದು ಸಿಗುವಷ್ಟರಲ್ಲಿ ಹಿಂದಿನವನ ಕಾಲು ಜಾರಿ ಸ್ಟ್ರೆಚರು ಮುಂದಕ್ಕೆ ಧಾವಿಸಿತು. ಲೆನ್ಸಣ್ಣ ಮೇಷ್ಟ್ರ ಸಮೇತ ಆರು ಮೆಟ್ಟಿಲು ಇಳಿದು ಕೆಳಮನೆಯ ಬಾಗಿಲಿಗೆ ಆತುಕೊಂಡ. ಬೆಲ್ಟು ಮೇಷ್ಟ್ರನ್ನು ಹಿಡಿದುಕೊಂಡಿತು. ಅವನನ್ನು ಹಿಡಿಯುವ ಬೆಲ್ಟಿರಲಿಲ್ಲ. ಹಣೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬೋರೆ ಎದ್ದಿತು.

"ಎರಡು ನಿಮಿಷ ಉಳಿಸಿದ್ರಿ" ಅಂದ ಟೈಮ್‌ಕೀಪರು, ಮೆಚ್ಚಿ.

ಚಿತಾಗಾರದ ಹಜಾರದಲ್ಲಿ ಬ್ಯಾಂಕಿನಲ್ಲಿದ್ದಂತೆ ಟೋಕನ್ ಕೊಡುತ್ತಿದ್ದರು. ಅವರದು ಹನ್ನೊಂದನೆಯದು. ಬೆಲ್ಟು ಬಿಚ್ಚಿ ಮೇಷ್ಟ್ರನ್ನು ಕಬ್ಬಿಣದ ಹಾಸಿಗೆಗೆ ವರ್ಗಾಯಿಸಿದರು. ಆಪರೇಟರು ನೀಲಿ ಅಂಗಿ ತೊಟ್ಟ, ಮಧ್ಯಾಹ್ನದ ಊಟದ ಯೋಚನೆಯಲ್ಲಿದ್ದ ಮನುಷ್ಯ. "ಜೇಬಲ್ಲಿ ಏನಾದ್ರೂ ಇದೆಯೇನ್ರೀ? ಫೋನು, ಬ್ಯಾಟರಿ, ಲೈಟರು? ಒಳಗೆ ಸಿಡಿಯುತ್ತೆ."

"ನಾನೇ ಬೆಳಿಗ್ಗೆ ಕೋಟು ಹಾಕಿದ್ದು. ಏನೂ ಇಲ್ಲ" ಅಂದ ಟೈಮ್‌ಕೀಪರು.

"ನೋಡೋದು ಒಳ್ಳೇದು!" ಲೆನ್ಸಣ್ಣನ ಧ್ವನಿ ಹಜಾರದಲ್ಲಿ ಪ್ರತಿಧ್ವನಿಸಿತು. "ಒಂದು ಸಲ ನೋಡಿಬಿಡೋಣ. ಸಿಡಿದ್ರೆ ಏನ್ಮಾಡ್ತೀರಿ? ನಾನೇ ನೋಡ್ತೀನಿ, ನೀವ್ಯಾರೂ ತೊಂದ್ರೆ ತಗೋಬೇಡಿ."

ಆಪರೇಟರು ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಕೋಟಿನ ಮೇಲಿಂದ ಅಂಗೈಯಲ್ಲಿ ತಟ್ಟಿನೋಡಿದ. ಎದೆಯ ಹತ್ತಿರ ಕೈ ನಿಂತಿತು.

"ಏನೋ ಕಾಗದ ಇದ್ದ ಹಾಗಿದೆ" ಅಂದ ಆಪರೇಟರು. "ಕಾಗದ ಪರವಾಗಿಲ್ಲ. ಚೆನ್ನಾಗಿ ಉರಿಯುತ್ತೆ."

ಬಾಗಿಲು ಮೇಲಕ್ಕೆದ್ದಿತು. ಒಳಗೆ ಕೆಂಡದ ಬಣ್ಣ. ಲೆನ್ಸಣ್ಣ ಇನ್ನು ತಡೆಯಲಾರದೆ ಮೇಷ್ಟ್ರ ಎದೆಯ ಮೇಲೆ ಬಿದ್ದ. ಎರಡೂ ಕೈಯಲ್ಲಿ ಕೋಟನ್ನು ಹಿಡಿದು ಎಳೆದ. "ಮೇಷ್ಟ್ರೇ! ಬೇಡ ಮೇಷ್ಟ್ರೇ! ಒಂದು ನಿಮಿಷ!" ನಾಲ್ಕು ಜನ ಅವನ ತೋಳು, ಸೊಂಟ, ಕಾಲರು ಹಿಡಿದು ಹಿಂದಕ್ಕೆಳೆದರು. ಅವನ ಕೈಯಲ್ಲಿ ಒಂದು ಗುಂಡಿ ಉಳಿಯಿತು. ಕಬ್ಬಿಣದ ಹಾಸಿಗೆ ಒಳಗೆ ಸರಿಯಿತು. ಬಾಗಿಲು ಇಳಿಯಿತು.

"ಹನ್ನೆರಡೂ ನಾಲ್ಕು" ಎಂದು ಟೈಮ್‌ಕೀಪರು ಬರೆದುಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು. "ನಾನು ಸ್ವಂತ ಭಾವಮೈದುನ. ನನಗೇ ಇಷ್ಟು ದುಃಖ ಬರ್ಲಿಲ್ಲ ನೋಡಿ."

ಲೆನ್ಸಣ್ಣ ಹಜಾರದ ಕಲ್ಲುಬೆಂಚಿನ ಮೇಲೆ ಕೂತು ಅತ್ತ. ಮೊದಮೊದಲು ಅತ್ತದ್ದು ಟ್ರೇ ಹಿಡಿದವನಿಗಾಗಿ. ನಲವತ್ತು ವರ್ಷ ಹುಡುಕಿದ್ದು, ಒಂದು ನಿಮಿಷ ಕೈಯಲ್ಲಿದ್ದದ್ದು. ಆದರೆ ಅಳು ಅಲ್ಲಿಗೆ ನಿಲ್ಲಲಿಲ್ಲ. ಎಂಟು ವರ್ಷದ ಹಿಂದಿನ ಭಾನುವಾರಗಳು ಒಂದರ ಹಿಂದೊಂದು ಬಂದವು. ಇಬ್ಬರೂ ನೆಲದ ಮೇಲೆ ಕಾರ್ಡು ಹರಡಿಕೊಂಡು ಕೂತಿದ್ದು, ಮೇಷ್ಟ್ರು ಆಟಗಾರನೊಬ್ಬನ ಮೀಸೆ ನೋಡಿ "ಇವನ ಮೀಸೆ ನಾನು ಬರೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದಿದ್ದು. ಇನ್ನು ಈ ಊರಲ್ಲಿ ಕಾರ್ಡು ನಂಬರು ಹೇಳಿದರೆ ಮುಖ ನೆನಪಾಗುವವರು ಯಾರೂ ಇಲ್ಲ ಅನ್ನುವುದು ಅವನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಎಲ್ಲರೂ ಮೇಷ್ಟ್ರ ಮನೆಗೆ ಹಿಂತಿರುಗಿದಾಗ ಅವರ ಹೆಂಡತಿ ಲೆನ್ಸಣ್ಣನನ್ನು ಕರೆದು ಕೂರಿಸಿದರು. ಕೈಯಲ್ಲಿ ಹಸಿರು ಆಲ್ಬಮ್ ಇತ್ತು.

"ಬೆಳಿಗ್ಗೆನೇ ಹೇಳೋಣ ಅಂತಿದ್ದೆ ಲೆನ್ಸಣ್ಣ, ಆಗ್ಲಿಲ್ಲ. ಇದು ನಿಮಗೆ."

"ನನಗಾ?"

"ಪೂರ್ತಿ ಆಲ್ಬಮ್. ಹೋದ ತಿಂಗಳು ಚೀಟಿ ಬರೆಸಿದ್ರು. ಆ ನಲವತ್ತೊಂದನ್ನ ತಂದ ದಿನದಿಂದ ಅವರಿಗೆ ಒಂದು ದಿನ ಸುಖ ಇರ್ಲಿಲ್ಲ. ರಾತ್ರಿ ಊಟ ಆದ್ಮೇಲೆ ತೆಗೀತಿದ್ರು, ನೋಡ್ತಿದ್ರು, ಮುಚ್ಚಿಡ್ತಿದ್ರು. ಯಾಕ್ರೀ ಅಂದ್ರೆ, ತೋರಿಸೋಕೆ ಯಾರಿದ್ದಾರೆ ಅಂತಿದ್ರು. ನಾನೇ ಹೋಗಿ ಕರ್ಕೊಂಡು ಬರ್ತೀನಿ ಅಂದ್ರೆ ಬೇಡ, ಅವನು ಬೈದ್ರೆ ತಡ್ಕೊಳ್ಳೋ ಶಕ್ತಿ ಇಲ್ಲ ಅಂದ್ರು."

ಲೆನ್ಸಣ್ಣ ಆಲ್ಬಮ್ಮಿನ ಮೇಲೆ ಕೈಯಿಟ್ಟ. "ಅತ್ತಿಗೆ..." ಅಂದ.

"ನೋಡಿ, ಇಲ್ಲೇ ಇದೆ" ಎಂದು ಅವರು ಆರನೇ ಪುಟ ತೆರೆದರು. ಟ್ರೇ ಹಿಡಿದವನ ಜಾಗದಲ್ಲಿ ಕ್ಯಾಪ್ಟನ್ ಎದೆಯುಬ್ಬಿಸಿ ನಿಂತಿದ್ದ. ಅವರು ಅವನನ್ನು ಎಳೆದರು. ಹಿಂದಿನಿಂದ ಇಬ್ಬರು ಬೌಲರುಗಳು ನೆಲಕ್ಕುರುಳಿದರು. "ಇದಲ್ಲವಲ್ಲ! ಮೊನ್ನೆವರೆಗೆ ಇಲ್ಲೇ ಇತ್ತು!"

ಟೈಮ್‌ಕೀಪರು ಧಾವಿಸಿಬಂದ. "ಯಾವಾಗ ಕೊನೇ ಸಲ ನೋಡಿದ್ದು? ಎಷ್ಟು ಗಂಟೆಗೆ?" ಅವನು ನೋಟ್‌ಬುಕ್ಕು ತೆಗೆದು ಎರಡು ನಿಮಿಷ ಲೆಕ್ಕ ಹಾಕಿದ. "ಈ ಕೋಣೆಯಲ್ಲಿ ಮೂರು ತಿಂಗಳು ಹಗಲೂ ರಾತ್ರಿ ಇದ್ದವರು ಒಬ್ಬರೇ. ನರ್ಸಮ್ಮಾ, ನಿಮ್ಮ ಚೀಲ ತನ್ನಿ ಇಲ್ಲಿ."

ಮನೆಗೆ ಹೊರಡಲು ಸಿದ್ಧಳಾಗಿದ್ದ ನರ್ಸಮ್ಮ ಬಾಗಿಲ ಬಳಿಯೇ ನಿಂತುಬಿಟ್ಟಳು. ಐವತ್ತು ದಾಟಿದ ಹೆಂಗಸು. "ನಾನು ಯಾಕ್ ಸಾರ್ ತಗೊಳ್ಳಿ ಅದನ್ನ? ಅದೇನೂಂತ ಸಹ ನಂಗೊತ್ತಿಲ್ಲ."

"ಗೊತ್ತಿಲ್ಲದವರು ತೋರ್ಸೋಕೆ ಹೆದರಲ್ಲ."

"ಮೊದ್ಲೇ ನಂಗೆ ಅನುಮಾನ ಇತ್ತು" ಅಂದಳು ಕೆಳಮನೆಯ ಹೆಂಗಸು. ಅವಳಿಗೆ ಮೊದಲು ಯಾವ ಅನುಮಾನವೂ ಇರಲಿಲ್ಲ.

ನರ್ಸಮ್ಮ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದಳು. ಒಂದು ಟವೆಲ್, ಖಾಲಿ ಊಟದ ಡಬ್ಬಿ, ಬಸ್ ಪಾಸು, ಬಾಚಣಿಗೆ. ಕೊನೆಗೆ ಒಂದು ಕನ್ನಡಕ ಜಾರಿ ಬಿತ್ತು. ಒಂದು ಕಡ್ಡಿ ಮುರಿದುಹೋಗಿ ಆ ಕಡೆ ಹೊಲಿಗೆ ದಾರ ಕಟ್ಟಿತ್ತು. ಎಡಗಾಜಿನಲ್ಲಿ ಸೀಳು. ಲೆನ್ಸಣ್ಣನ ಕಣ್ಣು ಬೇರೆಲ್ಲ ಬಿಟ್ಟು ಅಲ್ಲೇ ನಿಂತಿತು. ಈ ಗಾಜಿನಲ್ಲಿ ನೋಡಿಕೊಂಡು ಈಕೆ ಮೂರು ತಿಂಗಳು ಮೇಷ್ಟ್ರಿಗೆ ಔಷಧ ಅಳೆದುಹಾಕಿದ್ದಾಳೆ.

"ಪೊಲೀಸರಿಗೆ ಫೋನ್ ಮಾಡ್ತೀನಿ. ಒಂದೂವರೆ ಒಳಗೆ ಬರ್ತಾರೆ" ಅಂದ ಟೈಮ್‌ಕೀಪರು.

"ಬೇಡ" ಅಂದ ಲೆನ್ಸಣ್ಣ. ಕುರ್ಚಿಯಿಂದ ಎದ್ದು ನಿಂತಿದ್ದ. ಯಾವಾಗ ಎದ್ದದ್ದೋ ಅವನಿಗೇ ತಿಳಿಯದು. "ಅವರು ತೆಗೆದಿಲ್ಲ. ತೆಗೆದದ್ದು ನಾನು."

ಟೈಮ್‌ಕೀಪರು ಫೋನು ಕೆಳಗಿಳಿಸಿದ.

"ನಾನೇ ತೆಗೆದೆ. ಬೆಳಿಗ್ಗೆ, ಇಲ್ಲಿ ಒಬ್ಬನೇ ಇದ್ದಾಗ. ತೆಗೆದು ಮೇಷ್ಟ್ರ ಕೋಟಿನ ಜೇಬಿಗೆ ಹಾಕಿದೆ."

ನಿಜಕ್ಕೂ ಅವನು ಪೂರ್ತಿ ಹೇಳುವವನಿದ್ದ. ಕದಿಯಲೆಂದೇ ಬಂದೆ, ಬಾಗಿಲು ತೆರೆದದ್ದಕ್ಕೆ ಬಚ್ಚಿಟ್ಟೆ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಟೈಮ್‌ಕೀಪರು ಹಣೆ ಬಡಿದುಕೊಂಡ.

"ಕಾಗದ! ಜೇಬಲ್ಲಿ ಕಾಗದ ಇದೆ ಅಂದ್ನಲ್ಲ ಆ ಆಪರೇಟರು! ಅಯ್ಯೋ ಪುಣ್ಯಾತ್ಮ! ನೀವು ಇಷ್ಟು ವರ್ಷ ಹುಡುಕಿದ್ದನ್ನ ಭಾವನ ಜೊತೆಗೇ ಕಳಿಸಿಬಿಟ್ರಾ!"

"ಅದು ಹಾಗಲ್ಲ, ಕೇಳಿ..."

"ಖಾಲಿ ಜಾಗ ಕಂಡ್ರೆ ಅಕ್ಕನಿಗೆ ಬೇಜಾರಾಗುತ್ತೆ ಅಂತ ತಮ್ಮದೇ ಮೂರು ಇಟ್ಟಿದ್ದಾರೆ ನೋಡಿ!"

ಮೇಷ್ಟ್ರ ಹೆಂಡತಿ ಅವನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡು ಬಿಕ್ಕಿದರು. ಕೆಳಮನೆಯ ಹೆಂಗಸು ತನಗೆ ಇದೂ ಮೊದಲೇ ಗೊತ್ತಿತ್ತು ಅಂದಳು. ನರ್ಸಮ್ಮ ಮಾತ್ರ ತನ್ನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡಳು. ಅವಳ ಹತ್ತಿರ ಯಾರೂ ಕ್ಷಮೆ ಕೇಳಲಿಲ್ಲ. "ಕನ್ನಡಕ ಇಲ್ಲಿ ಕೊಡಿ, ನಾಡಿದ್ದು ಬಂದು ತಗೊಂಡು ಹೋಗಿ" ಎಂದು ಲೆನ್ಸಣ್ಣ ಮೆಲ್ಲಗೆ ಅಂದಾಗ ಒಂದು ಗಳಿಗೆ ಅವನ ಮುಖ ನೋಡಿ ಕೊಟ್ಟಳು. ಈಕೆಗೆ ನಿಜ ಗೊತ್ತಾಗಿದೆ ಅಂತ ಅವನಿಗೆ ಅನ್ನಿಸಿತು.

ಸತ್ಯದ ಉಳಿದರ್ಧ ಗಂಟಲಲ್ಲೇ ಇಳಿದುಹೋಯಿತು. ಏನಾದರಾಗಲಿ, ಆಲ್ಬಮ್ ಸಿಗುತ್ತದಲ್ಲ ಎಂದುಕೊಂಡ. ಮೇಷ್ಟ್ರು ತಮ್ಮ ಕೈಯಾರೆ ಜೋಡಿಸಿದ್ದು. ಭಾನುವಾರ ತೆಗೆದು ನೋಡಬಹುದು. ಅವನು ಕೈ ಚಾಚಿದ.

ಟೈಮ್‌ಕೀಪರು ಆಲ್ಬಮ್ಮನ್ನು ಎದೆಗವಚಿಕೊಂಡ. "ಇಲ್ಲ. ಇದನ್ನ ನಿಮಗೆ ಕೊಟ್ರೆ ನಿಮಗೆ ಅವಮಾನ ಮಾಡಿದ ಹಾಗೆ. ಎಲ್ಲಕ್ಕಿಂತ ದೊಡ್ಡದನ್ನ ನೀವು ಭಾವನಿಗೆ ಬಿಟ್ಟುಕೊಟ್ರಿ. ಇನ್ನು ಉಳಿದದ್ದನ್ನ ಮನೆಗೆ ಹೊತ್ಕೊಂಡು ಹೋಗೋ ಮನುಷ್ಯರಾ ನೀವು? ನಾಳೆ ಎಂಟೂವರೆಗೆ ಬೂದಿ ಕೊಡ್ತಾರೆ. ಅಲ್ಲೇ ಹಿಂದೆ ಮರದ ಕೆಳಗೆ ಹೂಳ್ತೀವಿ. ಅದರ ಜೊತೆ ಇದೂ."

"ಅಷ್ಟೆಲ್ಲ ಬೇಡ... ಅವರು ನನಗೆ ಅಂತ ಬರೆಸಿದ್ರಲ್ಲ..."

"ಇದೇ ವಿನಯ! ಅಕ್ಕಾ, ನೋಡಿದ್ಯಾ ವಿನಯ!"

ಲೆನ್ಸಣ್ಣ ಮೆಟ್ಟಿಲಿಳಿದು ಬೀದಿಗೆ ಬಂದ. ಅಂಗಡಿಗೆ ಹೋಗಿ, ಯಾರನ್ನೂ ಮಾತಾಡಿಸದೆ ಹಿಂದಿನ ಕೋಣೆಯಲ್ಲಿ ಕೂತು ನರ್ಸಮ್ಮನ ಎಡಗಾಜನ್ನು ಹೊಸದಾಗಿ ಉಜ್ಜಿದ, ಕಡ್ಡಿ ಹಾಕಿದ. ಎರಡು ಗಾಜು ಹಾಳಾದವು, ಮೂರನೆಯದು ಸರಿಯಾಯಿತು. ಹಣೆಯ ಬೋರೆ ಸಿಡಿಯುತ್ತಿತ್ತು. ಆರು ಗಂಟೆಗೆ ಮನೆಯ ದಾರಿ ಹಿಡಿದ. ಹೋದದ್ದು ಒಂದೇ, ಅರವತ್ತಮೂರು ಹಾಗೇ ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ಕೈ ತೊಳೆದು, ಕಪಾಟು ತೆಗೆದು, ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತರೆ ಎಲ್ಲ ಸರಿಹೋಗುತ್ತದೆ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕಣ್ಣುಗಳು ಊದಿದ್ದವು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅವಳು ಸಂಜೆ ಅವನಿಗಾಗಿ ಕಾದು ನಿಂತದ್ದು ಅದೇ ಮೊದಲು.

"ಮೇಷ್ಟ್ರ ಹೆಂಡತಿಯ ತಮ್ಮ ಫೋನ್ ಮಾಡಿ ಎಲ್ಲ ಹೇಳಿದ್ರು ಕಣ್ರೀ. ನಾನು ಅಳ್ತಾ ಕೂತ್ಬಿಟ್ಟೆ. ಇಷ್ಟು ವರ್ಷ ಚೂಯಿಂಗ್ ಗಮ್ ಚಿತ್ರ, ಮಕ್ಕಳಾಟ ಅಂತ ಎಷ್ಟು ಹಂಗಿಸಿದೆ ನಿಮ್ಮನ್ನ. ನಿಮ್ಮ ಮನಸ್ಸು ಇಷ್ಟು ದೊಡ್ಡದು ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಪರವಾಗಿಲ್ಲ ಬಿಡು" ಅಂದ ಲೆನ್ಸಣ್ಣ. ದಿನದಲ್ಲಿ ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು. ಕೈ ತೊಳೆದು ಒಳಗೆ ಹೋದ.

"ನಾಳೆ ಅವರ ಆಲ್ಬಮ್ ಹೂಳ್ತಾರಂತಲ್ಲ" ಎಂದಳು ಅವಳು ಹಿಂದಿನಿಂದ. "ಒಬ್ಬರದೇ ಯಾಕೆ, ಇಬ್ಬರದೂ ಒಟ್ಟಿಗೇ ಇರಲಿ ಅಂದೆ. ನಿಮಗೂ ಅದೇ ಆಸೆ ಇರುತ್ತೆ, ಬಾಯಿ ಬಿಟ್ಟು ಕೇಳೋರಲ್ಲ ನೀವು. ಐದು ಗಂಟೆಗೆ ಬಂದು ತಗೊಂಡು ಹೋಗ್ತೀನಿ ಅಂದ್ರು. ಸರಿಯಾಗಿ ಐದಕ್ಕೇ ಬಂದ್ರು ನೋಡಿ."

ಲೆನ್ಸಣ್ಣ ಕಪಾಟು ತೆರೆದ. ಆಲ್ಬಮ್ ಇದ್ದ ಜಾಗದಲ್ಲಿ ಮಡಿಸಿದ ಹೊದಿಕೆಗಳನ್ನು ಒಂದರ ಮೇಲೊಂದು ಚೆಂದವಾಗಿ ಜೋಡಿಸಿತ್ತು. ಬಹಳ ಹೊತ್ತು ಅವನು ಅವುಗಳನ್ನು ಎಣಿಸುತ್ತ ನಿಂತ. ಆರು ಇದ್ದವು.

"ಮೊದಲ ಹಿಡಿ ಮಣ್ಣು ನಿಮ್ಮ ಕೈಯಿಂದಲೇ ಹಾಕಿಸ್ತಾರಂತೆ" ಎಂದಳು ಹೆಂಡತಿ, ಅವನ ಬೆನ್ನು ಸವರುತ್ತ. "ಎಂಟೂವರೆ ಅಂದ್ರೆ ಎಂಟೂವರೆಗೇ ಅಲ್ಲಿರಬೇಕಂತೆ, ತಡ ಮಾಡಬಾರದಂತೆ."